ಗೋಡೆಯಾಚೆಗಿನ ಅರವಟ್ಟಿಗೆ

ಏಪ್ರಿಲ್ 14, 2020, ಮಂಗಳವಾರ

ಮತ್ತೆ ಅದೇ. ಅಲ್ತಾಫ್ ಮೇಲಿನ ಪುಟ್ಟ ಬಾಕ್ಸ್ ರೂಮಿನಲ್ಲಿ, ಆಫೀಸಿನ ಕಾಲ್ ಮೇಲೆ ಕಾಲ್. ಲಿಮೆರಿಕ್ ಆಫೀಸಿಗೆ ಹೋಗಿ ಬರುತ್ತಿದ್ದಾಗಲೇ ಚೆನ್ನಾಗಿತ್ತು, ಗಂಟೆಗೊಂದು ಸಲ ಚಹಾ ಮಾಡುವ ಕೆಲಸ ಇರಲಿಲ್ಲ. ಮರಿಯಮ್ ಸ್ಕೂಲಿನ ಟ್ಯಾಬ್ಲೆಟ್ ಮುಂದೆ ಆಕಳಿಸುತ್ತ ಕೂತಿದ್ದಾಳೆ. ಟಿವಿಯಲ್ಲಿ ಬೆಳಗಿನಿಂದ ಕೈ ತೊಳೆಯಿರಿ, ಕೈ ತೊಳೆಯಿರಿ. ತೊಳೆದು ತೊಳೆದು ಬೆರಳೆಲ್ಲ ಸಿಪ್ಪೆ ಏಳುತ್ತಿದೆ.

ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಗೋಡೆಯಾಚೆ ಟ್ರಾವೆಲರ್‌ಗಳ ಕ್ಯಾರವಾನುಗಳು. ಇದೇ ದೇಶದವರು, ಐರಿಷ್ ಜನವೇ, ತಲೆಮಾರುಗಳಿಂದ ರಸ್ತೆ ಬದಿಯಲ್ಲಿ ಬಿಡಾರ ಹೂಡಿ ಬದುಕಿದವರು. ಊರಿನವರು ಮಾತ್ರ ಅವರ ಹೆಸರೆತ್ತುವಾಗ ದನಿ ತಗ್ಗಿಸುತ್ತಾರೆ. ವಯಸ್ಸಾದ ಹೆಂಗಸೊಬ್ಬಳು ಮಗುವಿನ ತಳ್ಳುಗಾಡಿಯಲ್ಲಿ ಪ್ಲಾಸ್ಟಿಕ್ ಕ್ಯಾನ್ ಇಟ್ಟುಕೊಂಡು ವಾಪಸ್ ಬರುತ್ತಿದ್ದಳು. ಕ್ಯಾನ್ ಖಾಲಿ. ಏನಾಯಿತು ಅಂತ ಕೇಳಿದೆ.

"ಸ್ಮಶಾನದ ನಲ್ಲೀಲಿ ಹಿಡ್ಕೊಳ್ತಿದ್ವಿ, ಲವ್. ಈಗ ಲಾಕ್‌ಡೌನ್ ಅಂತ ಗೇಟಿಗೆ ಬೀಗ ಹಾಕಿದಾರೆ."

ಇಲ್ಲಿನ ವಯಸ್ಸಾದವರಿಗೆ ಎಲ್ಲರೂ 'ಲವ್'. ಇಷ್ಟು ದಿನ ಸ್ಮಶಾನದ ನೀರು! ನಾವು ಬಂದು ಮೂರು ವರ್ಷ. ನಮಗೆ ಕಸದ ಬಿನ್ನೇ ಮೂರು ಬಣ್ಣದ್ದಿವೆ. ಅವರಿಗೆ ಒಂದು ನಲ್ಲಿ ಇಲ್ಲ.

ಏಪ್ರಿಲ್ 17, ಶುಕ್ರವಾರ

ಹಿಂದಿನ ಬಾಡಿಗೆಯವರು ಶೆಡ್ಡಿನಲ್ಲಿ ಬಿಟ್ಟುಹೋದ ಪೈಪ್ ಸಿಕ್ಕಿತು. ಹಿತ್ತಲ ನಲ್ಲಿಗೆ ಸಿಕ್ಕಿಸಿ, ಗೋಡೆ ಮೇಲಿಂದ ಆಚೆ ಇಳಿಬಿಟ್ಟೆ.

"ಓನರ್‌ಗೆ ಒಂದ್ ಮಾತು ಕೇಳ್ಬೇಕಿತ್ತು, ಲುಬ್ನಾ," ಅಂದರು ಅಲ್ತಾಫ್.

"ನೀರು ಕೊಡೋಕೆ ಯಾರನ್ನ ಕೇಳ್ಬೇಕು ರೀ?"

"ಇದು ಶಿರಾ ಅಲ್ಲ."

ಗೊತ್ತು. ಶಿರಾದಲ್ಲಿ ನೀರಿಲ್ಲ. ಇಲ್ಲಿ ವರ್ಷವಿಡೀ ಆಕಾಶ ಸೋರುತ್ತದೆ, ಆದರೂ ಗೋಡೆಯಾಚೆ ಇಲ್ಲ.

ಆಕೆಯ ಹೆಸರು ಬ್ರೈಡಿ. ಎದೆ ಸರಿಯಿಲ್ಲ, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾಳೆ. ಸೊಸೆ ಕ್ಯಾಥ್ಲೀನ್, ಕಂಕುಳಲ್ಲಿ ಕೂಸು. ನೀರು ಬಂದಾಗ ಬ್ರೈಡಿ ಥ್ಯಾಂಕ್ಸ್ ಅನ್ನಲಿಲ್ಲ. ಬೆರಳು ತೋರಿಸಿ, "ನಮ್ಮಜ್ಜಿ ಹುಟ್ಟಿದ್ದು ಇಲ್ಲೇ. ಆಗ ಬಾವಿ ಇತ್ತು. ನೀನು ಕಾರ್ ನಿಲ್ಲಿಸ್ತೀಯಲ್ಲ, ಅದರ ಕೆಳಗೆ ಐತೆ ಅದು," ಅಂದಳು. ಮನೆಗಳನ್ನು ಕಟ್ಟುವಾಗ ಮುಚ್ಚಿಬಿಟ್ಟರಂತೆ. ಯಾರೂ ಕೇಳಲಿಲ್ಲವಂತೆ.

ಒಳಗೆ ಬಂದು ಹೇಳಿದರೆ ಮರಿಯಮ್ ತಲೆ ಎತ್ತದೆ, "ಡುಹ್, ಮಮ್ಮಾ. ಟೋಬರ್ ಮೀನ್ಸ್ ವೆಲ್." ಸ್ಕೂಲಿನಲ್ಲಿ ಐರಿಷ್ ಕಲಿಯುತ್ತಾಳಲ್ಲ. ನಮ್ಮ ಬಡಾವಣೆಯ ಹೆಸರು ಟೋಬರ್ ಪಾರ್ಕ್. ಬಾವಿ ಮುಚ್ಚಿ ಅದರ ಹೆಸರನ್ನು ಬೋರ್ಡಿಗೆ ಹಾಕಿಕೊಂಡಿದ್ದೇವೆ. ಚೆನ್ನಾಗಿದೆ.

ಏಪ್ರಿಲ್ 25, ಶನಿವಾರ

ಮೊದಲ ರೋಜಾ, ಉಪವಾಸ. ಇಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ಗೋಡೆಯಾಚೆ ಕ್ಯಾನ್ ತುಂಬುವ ಸದ್ದು ಕೇಳುತ್ತಿತ್ತು. ಅಬ್ಬಾ ನೆನಪಾದರು.

ಹೈವೇ ಪಕ್ಕದ ಅವರ ಪಂಕ್ಚರ್ ಅಂಗಡಿ. ಬೇಸಿಗೆ ಬಂತೆಂದರೆ ಮುಂದೆ ಚಪ್ಪರ ಹಾಕಿ, ಮಡಕೆ ಇಟ್ಟು ಅರವಟ್ಟಿಗೆ. ಲಾರಿಯವರು, ಕುರಿ ಹೊಡೆದುಕೊಂಡು ಹೋಗುವವರು, ಯಾರು ಬಂದರೂ ನೀರು. ಯಾರಾದರೂ ಉಪಕಾರ ಅಂದರೆ ಅಬ್ಬಾಗೆ ಸಿಟ್ಟು ಬರುತ್ತಿತ್ತು. ಅವರು ಹೋಗಿ ಎರಡು ವರ್ಷ, ಮಣ್ಣಿಗೂ ಹೋಗಲಾಗಲಿಲ್ಲ ನನಗೆ. ಈ ಪೈಪಿನ ನೀರು ಅವರ ಹೆಸರಿನಲ್ಲಿ ಎಂದು ಮನಸ್ಸಿನಲ್ಲೇ ನಿಯತ್ ಮಾಡಿಕೊಂಡೆ.

ಅಮ್ಮಿಗೆ ಫೋನ್ ಮಾಡಿ ಹೇಳಿದೆ. ಅತ್ತಳು. ಆಮೇಲೆ ಅಂದಳು, "ಕೊಟ್ಟಿದ್ನ ಬಾಯಲ್ಲಿ ಆಡ್ಬೇಡ. ಕಷ್ಟ ಆಯ್ತು ಅಂತ ಒಂದ್ ಸಲ ಅಂದ್ರೂ ಸಾಕು, ಪುಣ್ಯ, ಸವಾಬ್ ಎಲ್ಲಾ ಹೋಯ್ತದೆ."

ಇಲ್ಲ ಅಮ್ಮಿ, ಅನ್ನುವುದಿಲ್ಲ.

ಮೇ 6, ಬುಧವಾರ

ಕೌನ್ಸಿಲಿನಿಂದ, ಅಂದರೆ ಇಲ್ಲಿನ ಪುರಸಭೆಯಿಂದ, ಫೋನ್. ಹೆಂಗಸು, ಬೆಣ್ಣೆಯಂಥ ದನಿ. ಕೋವಿಡ್ ಅಂತ ನೀರಿಲ್ಲದ ಬಿಡಾರಗಳಿಗೆಲ್ಲ ಟ್ಯಾಂಕ್ ಕೊಡುತ್ತಿದ್ದಾರಂತೆ. ನನ್ನ ಪೈಪಿನ ವಿಷಯ ಅವರಿಗೆ ಹೇಗೋ ಗೊತ್ತಾಗಿದೆ. ನಿಮಗೆ ಇದರಿಂದ ತೊಂದರೆ ಆಗುತ್ತಿದೆಯೇ, ಎಂದು ಕೇಳಿದರು.

ಅಮ್ಮಿಯ ಮಾತು ಕಿವಿಯಲ್ಲಿ. "ನೋ, ನೋ. ನೋ ಪ್ರಾಬ್ಲಮ್ ಅಟ್ ಆಲ್," ಅಂದೆ. ಎಷ್ಟು ದಿನ ಕೊಡಬಲ್ಲಿರಿ? "ಎಷ್ಟು ದಿನ ಬೇಕಾದರೂ."

ಯು ಆರ್ ವೆರಿ ಗುಡ್, ಅಂದರು. ಒಳಗೊಳಗೇ ಹಿಗ್ಗಿದೆ. ಸುಳ್ಳು ಯಾಕೆ ಬರೆಯಲಿ.

ಮೇ 21, ಗುರುವಾರ

ಊರಿನ ಆಚೆ ತುದಿಯ ಬಿಡಾರಕ್ಕೆ ಟ್ಯಾಂಕ್ ಬಂತು, ಬಿಸಿನೀರಿನ ಸಿಂಕ್ ಬಂತು. ಬ್ರೈಡಿಯವರಿಗೆ ಬರಲಿಲ್ಲ. ಕೇಳಿದ್ದಕ್ಕೆ, ನಿಮಗೆ ಪಕ್ಕದ ಮನೆಯಿಂದ ಖಾಯಂ ವ್ಯವಸ್ಥೆ ಇದೆಯಲ್ಲ ಅಂದರಂತೆ.

ಬ್ರೈಡಿ ಗೋಡೆ ಹತ್ತಿರ ಬಂದಳು. ಕೂಗಾಡಿದ್ದರೆ ವಾಸಿ ಇತ್ತು.

"ಅವರು ನಿನ್ನನ್ನ ಕೇಳಿದ್ರಾ?"

"ಹೂಂ."

"ನಾವು ಹನ್ನೊಂದು ವರ್ಷದಿಂದ ನಲ್ಲಿ ಕೇಳ್ತಿದೀವಿ. ನಮ್ಮನ್ನ ಯಾರೂ ಕೇಳಿಲ್ಲ. ನಿನಗೆ ಫೋನ್ ಮಾಡಿ ಕೇಳ್ತಾರೆ. ನೀನೂ ಹೇಳಿಬಿಟ್ಟೆ."

"ನಾನು... ನಿಮಗೆ ಒಳ್ಳೇದಾಗ್ಲಿ ಅಂತ..."

"ಗೊತ್ತು. ನಮ್ಮ ಪರವಾಗಿ ಉತ್ತರ ಕೊಡೋಕೆ ನಿನಗೆ ಹಕ್ಕು ಇರಲಿಲ್ಲ, ಲವ್."

ಆಮೇಲೆ ಬಗ್ಗಿ ನನ್ನ ಪೈಪಿನಲ್ಲೇ ಕ್ಯಾನ್ ತುಂಬಿಕೊಂಡಳು. ಬೇರೆ ದಾರಿ ಎಲ್ಲಿದೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮೇ 24, ಭಾನುವಾರ

ಈದ್. ಮಸೀದಿ ಇಲ್ಲ, ನಮಾಜ್ ಸಿಟ್ಟಿಂಗ್ ರೂಮಿನಲ್ಲೇ. ಬಿರಿಯಾನಿ ಗೋಡೆಯಾಚೆಗೂ ಕೊಟ್ಟೆ. ಸಂಜೆ ಡಬ್ಬಿ ವಾಪಸ್ ಬಂತು, ತೊಳೆದು, ಫಳಫಳ. ನನ್ನ ಎದುರಿಗೇ ಕ್ಯಾಥ್ಲೀನ್ ಒರೆಸುತ್ತಿದ್ದಳು. ಎರಡು ನೀರಿನಲ್ಲಿ ಗಲಬರಿಸಿದ್ದಾಳೆ. ತೊಳೆಯದೆ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ತಾಯಿ.

ಮೇ 26, ಮಂಗಳವಾರ

ನಾನೇ ಕೌನ್ಸಿಲಿಗೆ ಫೋನ್ ಮಾಡಿದೆ. ಅದೇ ಬೆಣ್ಣೆ ದನಿ. ತಪ್ಪಾಯಿತು, ಕಷ್ಟ ಆಗುತ್ತಿದೆ, ಅವರಿಗೂ ಟ್ಯಾಂಕ್ ಕೊಡಿ ಅಂದೆ. ನೀರು ಹೋಗುತ್ತಿರುವವರೆಗೆ ಅದು ತುರ್ತು ಅಲ್ಲ. ನಿಂತರೆ ಮತ್ತೆ ನೋಡಬಹುದು, ಅಂದರು.

"ಹಂಗಾದ್ರೆ ನಿಲ್ಸು," ಅಂದರು ಅಲ್ತಾಫ್. ಸಾಫ್ಟ್‌ವೇರಿನವರಿಗೆ ಎಲ್ಲವೂ ಆಫ್ ಮಾಡಿ ಆನ್ ಮಾಡುವುದೇ.

ಈ ಸಲ ಬ್ರೈಡಿಯನ್ನೇ ಕೇಳಿದೆ. "ನಿಲ್ಸಿಬಿಡು. ಬಂದು ನೋಡ್ಲಿ, ನಾವು ಹೆಂಗಿದೀವಿ ಅಂತ."

ನಿಲ್ಲಿಸಿದೆ. ಅಬ್ಬಾ ನೋಡುತ್ತಿದ್ದರೆ ಏನನ್ನುತ್ತಿದ್ದರೋ.

ಜೂನ್ 4, ಗುರುವಾರ

ಪೆಟ್ರೋಲ್ ಬಂಕಿನವನು ಅವರಿಗೆ ನೀರು ಹಿಡಿಯಲು ಒಂದು ದಿನ ಬಿಟ್ಟ, ಮಾರನೇ ದಿನ ಓಡಿಸಿದ. ಕ್ಯಾಥ್ಲೀನಳ ಕೂಸಿಗೆ ತೊಡೆಯೆಲ್ಲ ಕೆಂಪು ಗುಳ್ಳೆ. ಮಳೆಯೂ ಇಲ್ಲ... ಈ ದೇಶದಲ್ಲಿ ಇಂಥ ಬಿಸಿಲು ನಾನು ಕಂಡಿಲ್ಲ.

ಕೌನ್ಸಿಲಿನ ಒಬ್ಬ ಬಂದ. ಮಾಸ್ಕ್ ಹಾಕಿಕೊಂಡು ದೂರದಲ್ಲೇ ನಿಂತ. ಗೋಡೆ ಮೇಲೆ ಸುತ್ತಿಟ್ಟಿದ್ದ ನನ್ನ ಪೈಪ್ ನೋಡಿ, ನಲ್ಲಿ ಇದೆಯಲ್ಲ ಅಂದ. ಹೋದ.

ಜೂನ್ 9, ಮಂಗಳವಾರ

ನ್ಯೂಸ್: ನೀರಿನ ಅಭಾವ, ಹೋಸ್‌ಪೈಪ್ ನಿಷೇಧ. ತೋಟಕ್ಕೆ, ಕಾರು ತೊಳೆಯುವುದಕ್ಕೆ. ಕುಡಿಯುವ ನೀರಿಗಲ್ಲ, ಸರಿಯಾಗಿ ಕೇಳಿಸಿಕೊಂಡಿದ್ದೇನೆ.

ಬ್ರೈಡಿ ಬಂದಳು. ಇಷ್ಟು ದಿನದಲ್ಲಿ ಇಳಿದುಹೋಗಿದ್ದಾಳೆ. "ಬಿಡು ನೀರು. ಸಾಕು. ಅವರು ಗೆದ್ರು." ನಲ್ಲಿ ತಿರುಗಿಸಿದೆ. ಕೂಸನ್ನು ಪೈಪಿನ ಕೆಳಗೇ ಹಿಡಿದರು. ಅದು ಕಿರುಚಿತು, ಆಮೇಲೆ ನಕ್ಕಿತು.

ಜೂನ್ 12, ಶುಕ್ರವಾರ

ಅಕ್ಕಪಕ್ಕದ ಯಾರೋ ಪೈಪಿನ ಫೋಟೋ ತೆಗೆದು ಓನರ್‌ಗೆ ಕಳಿಸಿದ್ದಾರೆ. ಓನರ್ ಕಳಿಸಿದ ಪ್ಲಂಬರ್ ಬಂದ. ಕುಡಿಯುವ ನೀರಿಗೆ ನಿಷೇಧ ಇಲ್ಲ ಅಂದೆ. ತನಗೆ ಹೇಳಿದ ಕೆಲಸ ಮಾಡುವುದಷ್ಟೇ ಅಂದ. ನಲ್ಲಿ ಬಿಚ್ಚಿ, ಮುಚ್ಚಳ ಹಾಕಿ ಬಿಗಿ ಮಾಡಿದ. ಹೋಗುವಾಗ ಕೈಯಲ್ಲೇ ತೆಗೆದುಕೊಂಡು ಹೋದ, ನಮ್ಮ ನಲ್ಲಿಯನ್ನು.

ಕೌನ್ಸಿಲಿಗೆ ಫೋನ್ ಮಾಡಿದೆ. ಅಭಾವದ ಕಾಲದಲ್ಲಿ ಹೊಸ ಸೌಲಭ್ಯ ಸಾಧ್ಯವಿಲ್ಲವಂತೆ. ಮುಂದಿನ ವರ್ಷ ನೋಡೋಣ.

ಆಫ್ ಮಾಡಿ ಆನ್ ಮಾಡುವುದು. ಈಗ ಆನ್ ಆಗುತ್ತಿಲ್ಲ. ಅಲ್ತಾಫ್‌ಗೆ ಹಾಗೇ ಅಂದೆ, ಬೇಕೆಂದೇ. ಅಡುಗೆಮನೆಯಲ್ಲಿ ಕ್ಯಾನ್ ತುಂಬಿ ತಾವೇ ಹೊತ್ತು ಗೋಡೆ ಹತ್ತಿಸಿದರು.

ಅಕ್ಟೋಬರ್ 22, ಗುರುವಾರ

ಎಷ್ಟು ದಿನ ಆಯಿತು ಬರೆದು. ಬರೆಯುವುದೇನು, ಅದೇ. ಬೆಳಿಗ್ಗೆ ಕ್ಯಾನ್, ಸಂಜೆ ಕ್ಯಾನ್. ನನ್ನ ಸೊಂಟ ಹೋಗಿದೆ. ಕುಡಿಯಲು, ಅಡುಗೆಗೆ ಸಾಲುತ್ತದೆ. ಸ್ನಾನ, ಬಟ್ಟೆಗೆ ಇಲ್ಲ. ನಿನ್ನೆಯಿಂದ ಮತ್ತೆ ಪೂರ್ತಿ ಲಾಕ್‌ಡೌನ್. ಟಿವಿಯಲ್ಲಿ ಮತ್ತೆ ಕೈ ತೊಳೆಯಿರಿ.

"ಹೆಂಗಿದೀರಿ ಬ್ರೈಡಿ?"

"ಗ್ರ್ಯಾಂಡ್." ಚೆನ್ನಾಗಿದ್ದೇನೆ ಅನ್ನುವುದಕ್ಕೆ ಇಲ್ಲಿನವರ ಮಾತು. ಆಮೇಲೆ ಒಂದೇ ಸಮನೆ ಕೆಮ್ಮು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಗಿದೆ.

ಜನವರಿ 9, 2021, ಶನಿವಾರ

ಹಿಮಗಟ್ಟಿದೆ. ಗೋಡೆಯಾಚೆ ಇಟ್ಟಿದ್ದ ಕ್ಯಾನಿನ ನೀರು ಕಲ್ಲಾಗಿದೆ. ಅಲ್ಲಿ ಎಲ್ಲರಿಗೂ ಕೆಮ್ಮು, ಜ್ವರ. ಆಂಬ್ಯುಲೆನ್ಸ್ ಬಂದು ಬ್ರೈಡಿಯನ್ನು ಕರೆದುಕೊಂಡು ಹೋಯಿತು. ಜಾಕೆಟ್ ಹಾಕಿಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿದ್ದರು.

ಜನವರಿ 19, ಮಂಗಳವಾರ

ಬ್ರೈಡಿ ಹೋದಳು. ಆಸ್ಪತ್ರೆಯಲ್ಲಿ, ಒಬ್ಬಳೇ.

ಮಣ್ಣಿಗೆ ಹತ್ತು ಜನ ಮಾತ್ರ. ನಾನು ಗೇಟಿನ ಹೊರಗೆ ನಿಂತೆ. ಅದೇ ಸ್ಮಶಾನ. ಇವತ್ತು ಬೀಗ ತೆಗೆದಿದ್ದರು. ಒಳಗೆ ಗೋಡೆ ಪಕ್ಕ ಆ ನಲ್ಲಿ ಕಾಣುತ್ತಿತ್ತು, ತೊಟ್ಟಿಕ್ಕುತ್ತಿತ್ತು. ಅಬ್ಬಾಗಾಗಿ ಅಳಲಾಗದ್ದನ್ನೆಲ್ಲ ಅಲ್ಲಿ ಅತ್ತೆ.

ಜನವರಿ 23, ಶನಿವಾರ

ಕ್ಯಾರವಾನುಗಳು ಹೊರಡುತ್ತಿವೆ. ಎಲ್ಲಿಗೆ ಅಂದರೆ ಕ್ಯಾಥ್ಲೀನ್ ತಲೆ ಅಲ್ಲಾಡಿಸಿದಳು. "ಹೋದವರ ಜಾಗದಲ್ಲಿ ನಾವು ಇರಲ್ಲ. ತಿರುಗಿದ ಕಡೆಯೆಲ್ಲ ಅವರೇ ಕಾಣ್ತಾರೆ. ನಮ್ಮಲ್ಲಿ ಮೊದಲಿಂದ ಹಂಗೇ."

ಕ್ಯಾನುಗಳನ್ನು ತೊಳೆದು, ಗೋಡೆ ಮೇಲೆ ಸಾಲಾಗಿ ಬೋರಲು ಹಾಕಿ ಹೋಗಿದ್ದಾರೆ.

ಜನವರಿ 28, ಗುರುವಾರ

ಬೆಳಿಗ್ಗೆ ಲಾರಿಯಲ್ಲಿ ದೊಡ್ಡ ದೊಡ್ಡ ಬಂಡೆ ತಂದು ಖಾಲಿ ಜಾಗಕ್ಕೆ ಅಡ್ಡ ಇಟ್ಟರು. ಇನ್ನು ಯಾರೂ ಅಲ್ಲಿ ನಿಲ್ಲುವಂತಿಲ್ಲ.

ಮಧ್ಯಾಹ್ನ ಫೋನ್. ಬೆಣ್ಣೆ ದನಿ. ಜಾಗ ಖಾಲಿಯಾಗಿರುವುದರಿಂದ ನೀರಿನ ವಿಷಯ ತಮ್ಮ ಕಡೆಯಿಂದ ಮುಗಿಯಿತಂತೆ. ಇಷ್ಟು ದಿನ ನಿಮಗೆ ತೊಂದರೆಯಾಯಿತು, ನಿಮ್ಮಂಥವರು ಇನ್ನಷ್ಟು ಜನ ಇರಬೇಕು, ಅಂದರು.

ಏನೇನೋ ಇತ್ತು ಹೇಳಲು. ತಿಂಗಳುಗಟ್ಟಲೆ ಪಾತ್ರೆ ತೊಳೆಯುತ್ತ ಜೋಡಿಸಿಟ್ಟುಕೊಂಡಿದ್ದೆ. ಬ್ರೈಡಿಯ ಹೆಸರಾದರೂ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಮಾತ್ರ... ನೋ, ನೋ. ನೋ ಪ್ರಾಬ್ಲಮ್ ಅಟ್...