ಹಗುರ ಕೆಲಸ

ದೊಡ್ಡವ್ವಾ,

ಹುಣಸೂರಿನ ಕಾಫಿ ಕಾರ್ಖಾನೆಗೆ ನೀನು ನನ್ನನ್ನು ಮೊದಲ ಸಲ ಕರೆದುಕೊಂಡು ಹೋದ ದಿನ, ಬೀಜ ಆರಿಸುವುದೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಂದುಕೊಂಡು ಬಂದಿದ್ದೆ. ಸಾಲಾಗಿ ಕೂತ ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೊಂದು ಮೊರ, ಮೊರದ ತುಂಬ ಕೊಡಗಿನಿಂದ ಬಂದ ಬೀಜ. ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದು ಎಲ್ಲವನ್ನೂ ಬೇರೆ ಹಾಕಬೇಕು. ನಾನು ಆರಿಸಿದ ಮೊರದಲ್ಲಿ ನೀನು ಒಮ್ಮೆ ಕೈಯಾಡಿಸಿ ಒಂದು ಹಿಡಿ ಕೆಟ್ಟ ಬೀಜ ತೆಗೆದೆ. "ಕಣ್ಗಿಂತ ಮುಂಚೆ ಬೆರಳ್ಗೆ ಗೊತ್ತಾಗ್ಬೇಕು ಕಣವ್ವ. ಒಂದು ವರ್ಸ ಬೇಕು, ಕಲಿ," ಎಂದೆ. ಒಂದು ವರ್ಷವೇ ಬೇಕಾಯಿತು. ಅದೇ ಕಾರ್ಖಾನೆಯಲ್ಲಿ ಮೂಟೆ ಹೊರುವುದನ್ನು ನಮ್ಮನೆಯವರು ಒಂದು ದಿನದಲ್ಲಿ ಕಲಿತರು. ಕೂಲಿ ಮಾತ್ರ ಅವರಿಗೇ ಹೆಚ್ಚು. ಯಾಕೆ ಎಂದು ಕೇಳುವುದು ನನಗೆ ಹೊಳೆದೇ ಇರಲಿಲ್ಲ. ನಿನಗೆ ಹೊಳೆದಿತ್ತು.

ಜೀಪಿನಲ್ಲಿ ಸರ್ಕಾರದ ಸಾಹೇಬರು ಬಂದ ದಿನ ನೆನಪಿದೆಯಾ? ಇನ್ನು ಮೇಲೆ ಇದಕ್ಕಿಂತ ಕಡಿಮೆ ಕೂಲಿ ಕೊಡಕೂಡದು ಎಂದು ಸರ್ಕಾರವೇ ಗೊತ್ತುಮಾಡುತ್ತದೆ, ಅದಕ್ಕೆ ವಿಚಾರಣೆ ಎಂದರು. ಗಂಡಸರನ್ನೆಲ್ಲ ಕರೆದು ಕೇಳಿದರು. ನಮ್ಮ ಕಡೆ ತಿರುಗುವಷ್ಟರಲ್ಲಿ ಮ್ಯಾನೇಜರೇ ಬಾಯಿ ಹಾಕಿದರು: "ಹೆಂಗಸರದು ಹಗುರ ಕೆಲಸ ಸಾರ್. ನೆರಳಲ್ಲಿ ಕೂತು ಮಾತಾಡ್ಕೊಂಡು ಮಾಡ್ತಾರೆ." ನೀನು ಸೊಂಟ ಹಿಡಿದುಕೊಂಡು ಎದ್ದು ನಿಂತೆ. "ಅಷ್ಟು ಅಗುರಾದ್ರೆ ಸ್ವಾಮಿ, ಮೂಟೆ ಹೊರೋರಲ್ಲಿ ಒಬ್ಬರ್ನ ಕುಂಡ್ರಿಸಿ. ಒಂದೇ ಒಂದು ಮೊರ ಆರಿಸ್ಲಿ."

ಗಂಡಸರೆಲ್ಲ ನಕ್ಕು ನಮ್ಮನೆಯವರನ್ನೇ ಮುಂದೆ ದಬ್ಬಿದರು. ನೀನು ಎರಡು ಮೊರ ಮುಗಿಸುವಷ್ಟರಲ್ಲಿ ಅವರದು ಅರ್ಧವೂ ಆಗಿರಲಿಲ್ಲ. ಕಾಲು ಜೋಮು ಹಿಡಿದು, ಎರಡು ಸಲ ಎದ್ದು, ಕೊನೆಗೆ ಕಣ್ಣುಜ್ಜಿಕೊಳ್ಳುತ್ತಾ, "ಅತ್ತೆ, ನನ್ ಕೈಲಾಗಲ್ಲ, ಬುಡಿ," ಎಂದರು. ಅವರ ಮೊರದ ತುಂಬ ಕಪ್ಪು ಬೀಜ ಉಳಿದಿತ್ತು. ಸಾಹೇಬರು ಕಣ್ಣಾರೆ ನೋಡಿದರು, ತಲೆಯಾಡಿಸಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು. ದಾರಿಯುದ್ದಕ್ಕೂ ನೀನು, "ಬರ್ಕೊಂಡ್ರು ಕಣೆ, ನೋಡಿದ್ದ ಬರ್ಕೊಂಡ್ರು," ಎನ್ನುತ್ತಾ ಬಂದೆ. ಅಷ್ಟು ಖುಷಿಯಾಗಿ ನೀನು ನಡೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಿನ್ನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಕಾರ್ಖಾನೆಯ ಮೇಸ್ತ್ರಿ ನಮ್ಮ ಮನೆ ಬಾಗಿಲಿಗೆ ಬಂದ. ಮಾತಾಡಿಸಲು ಬಂದನೆಂದು ಚಾಪೆ ಹಾಸಿದೆ. "ಆ ಜಾಗಕ್ಕೆ ನಾಳೆ ಯಾರ್ನ ಕರ್ಕೊಬತ್ತೀಯವ್ವ?" ಎಂದ. ಇಪ್ಪತ್ತು ವರ್ಷ ಆ ಬೀಜದ ಧೂಳು ಕುಡಿದು, ಕೆಮ್ಮಿ ಕೆಮ್ಮಿ ನೀನು ಸತ್ತೆ. ಅವನ ಲೆಕ್ಕದಲ್ಲಿ ಒಂದು ಮೊರ ಖಾಲಿ ಬಿದ್ದಿತ್ತು, ಅಷ್ಟೇ. ಆಗ ಅವನ ಮುಖಕ್ಕೆ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಈಗಲೂ ನೆನೆದರೆ ನನ್ನ ಮೇಲೇ ನನಗೆ...

ಹೋದ ತಿಂಗಳು ಕಾರ್ಖಾನೆಯಲ್ಲಿ ಸರ್ಕಾರದ ಹೊಸ ಕೂಲಿಯ ನೋಟೀಸು ಅಂಟಿಸಿದರು. ಮೂರನೇ ಕ್ಲಾಸು ಓದಿದವಳೆಂದು ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ಜೋರಾಗಿ ಓದಲು ಶುರು ಮಾಡಿದವಳು ನಡುವೆಯೇ ನಿಂತೆ. ಗಂಡಾಳಿಗೆ ಆರಾಣೆ ಏರಿತ್ತು. ಹೆಣ್ಣಾಳಿಗೆ ಎರಡಾಣೆ. ಪಕ್ಕದಲ್ಲೇ ಕಾರಣ: 'ಹಗುರ ಕೆಲಸ'. ಮ್ಯಾನೇಜರ ಬಾಯಿಂದ ಬಂದ ಮಾತೇ, ಅಕ್ಷರವೂ ಬದಲಾಗದೆ. ಹಾಗಾದರೆ ಸಾಹೇಬರು ಅವತ್ತು ನೋಡಿದ್ದೇನು, ಬರೆದುಕೊಂಡದ್ದೇನು? ಸಾಲದ್ದಕ್ಕೆ ಮೇಸ್ತ್ರಿ ಕೂಗಿ ಹೇಳಿದ, ಕೂಲಿ ಏರಿದ್ದರಿಂದ ದಿನಕ್ಕೆ ಆರು ಮೊರದ ಬದಲು ಎಂಟು ಮೊರ ಆಗಬೇಕು ಎಂದು. ಮೂಟೆ ಹೊರುವವರಿಗೆ ಒಂದು ಮೂಟೆಯೂ ಹೆಚ್ಚಾಗಿರಲಿಲ್ಲ.

ಅವತ್ತು ಸಂಜೆ ಒಲೆ ಮುಂದೆ ನಮ್ಮನೆಯವರು, "ನಿಂಗೂ ಏರ್ತಲ್ಲ, ಸುಮ್ಕಿರು," ಎಂದರು. ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದೆ. "ಒಂದು ಮೊರ ಆರಿಸಕ್ಕಾಗ್ದೆ ಎದ್ದೋರು ನೀವೇ ಅಲ್ವಾ? ಅದು ಅಗುರಾ? ನೀವೇ ಬಾಯ್ಬುಟ್ಟು ಏಳಿ ನೋಡಣ," ಎಂದೆ. ಉಂಡರು, ಎದ್ದು ಹೋದರು.

ಮಾರನೆಯ ಬೆಳಗ್ಗೆ ಹೊಳೆ ದಾಟುವಾಗ ನಾವು ಹೆಂಗಸರೆಲ್ಲ ನಿಂತು ಒಂದು ಮಾತು ಆಡಿಕೊಂಡೆವು. ಅವತ್ತಿನಿಂದ ಎಂಟು ಮೊರ ಕೇಳಿದವರಿಗೆ ಎಂಟು ಮೊರ ಕೊಟ್ಟೆವು. ಕೈಗೆ ಸಿಕ್ಕ ಕಪ್ಪು ಬೀಜ ತೆಗೆದೆವು, ಸಿಗದ್ದನ್ನು ಬಿಟ್ಟೆವು. ಮೇಸ್ತ್ರಿ ಮೊರ ಎಣಿಸಿದನೇ ಹೊರತು ಒಳಗೆ ಕೈ ಹಾಕಲಿಲ್ಲ. ಮಂಗಳೂರಿಗೆ ಹೋದ ಎರಡು ಲಾರಿ ಮಾಲನ್ನು ಕೊಳ್ಳುವವರು ಬೇಡವೆಂದು ವಾಪಸ್ಸು ಕಳಿಸಿದರು. ಮ್ಯಾನೇಜರು ಒಂದು ಬೊಗಸೆ ಬೀಜ ತಂದು ನನ್ನ ಮುಂದೆ ಚೆಲ್ಲಿ, "ಏನಿದು?" ಎಂದು ಅರಚಿದರು. ಮೇಸ್ತ್ರಿಗೆ ಹೇಳದೆ ನುಂಗಿಕೊಂಡಿದ್ದೂ ಸೇರಿ ಬಂತು, ದೊಡ್ಡವ್ವ. "ಹಗುರ ಕೆಲಸ ಅಂತ ನೀವೇ ಬರ್ಸಿದ್ದೀರಿ ಸ್ವಾಮಿ. ಹಗುರಾಗೇ ಮಾಡಿದ್ದೀವಿ."

ಅಲ್ಲೇ ನನ್ನನ್ನು ಕೆಲಸದಿಂದ ತೆಗೆದರು. ನಾನು ಗೇಟು ದಾಟುವಾಗ ಹಿಂದೆ ಸೆರಗು ಕೊಡವುವ ಸದ್ದು. ತಿರುಗಿ ನೋಡಿದರೆ ಸಾಲಿಗೆ ಸಾಲೇ ಎದ್ದು ಬರುತ್ತಿತ್ತು. ಮೂರು ದಿನ ಒಬ್ಬಳೂ ಒಳಗೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಮೇಸ್ತ್ರಿಯೇ ಊರಿಗೆ ಬಂದು ಕರೆದ. ನನ್ನನ್ನೂ ಸೇರಿಸಿಕೊಂಡರು, ಎಂಟು ಮೊರ ಮತ್ತೆ ಆರಾಯಿತು. ಕೂಲಿ ಮಾತ್ರ ಅಲ್ಲೇ ಇದೆ, ಏರಿದ್ದು ಅದೇ ಎರಡಾಣೆ. ಅದು ಸರ್ಕಾರದ್ದು, ನಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ.

ಸೋಮವಾರ ನಾವು ಐವರು ಮೈಸೂರಿಗೆ ಹೋಗುತ್ತಿದ್ದೇವೆ, ಆ ಸಾಹೇಬರನ್ನು ಕಾಣಲು. ನಿನ್ನೆ ಊಟ ಮಾಡುತ್ತಾ ನಮ್ಮನೆಯವರು ತಲೆ ಎತ್ತದೆ, "ನಾನೂ ಬತ್ತೀನಿ. ಕೈಲಾಗ್ನಿಲ್ಲ ಅಂತ ಸಾಹೇಬ್ರಿಗೆ ನಾನೇ ಏಳ್ತೀನಿ," ಎಂದರು. ಬರಲಿ. ಆದರೆ ಮಾತಾಡುವವಳು ನಾನೇ. ಸಾಹೇಬರು ಈ ಸಲವೂ ತಲೆಯಾಡಿಸಿ ಪುಸ್ತಕ ತೆಗೆಯುತ್ತಾರೆ, ಗೊತ್ತು. ಬರೆದುಕೊಳ್ಳಲಿ. ಬರೆದದ್ದನ್ನು ನನ್ನ ಮುಂದೆ ಗಟ್ಟಿಯಾಗಿ ಓದುವ ತನಕ ಆ ಕಚೇರಿಯಿಂದ ನಾನು ಏಳುವುದಿಲ್ಲ.

ನಿನ್ನ ಮಗಳು,
ಗೌರಿ