ವ್ಯಾನಿಗೆ ಬಚ್ಚಲುಮನೆ ಬಾಗಿಲು

ಅಣ್ಣನಿಗೆ ತಂಗಿಯ ನಮಸ್ಕಾರ.

ನಿನ್ನ ವ್ಯಾನು ಓಡುತ್ತಿದೆ, ಗಾಬರಿಯಾಗಬೇಡ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಟೀ ಕುಡಿದು ಮತ್ತೆ ಹತ್ತುವಾಗ ನಮ್ಮತ್ತೆ ಪಕ್ಕದ ಬಾಗಿಲನ್ನು ಎಳೆದರು, ಅದು ಕಿತ್ತು ಅವರ ಕೈಗೇ ಬಂತು. ಹೆದರಿ ಬಿಟ್ಟುಬಿಟ್ಟರು. ಹಿಂದೆ ಬಂದ ಲಾರಿ ಅದನ್ನು ಅಪ್ಪಚ್ಚಿ ಮಾಡಿತು. ಹೊಸ ಬಾಗಿಲಿಗೆ ಮೆಕ್ಯಾನಿಕ್ ಹೇಳಿದ ರೇಟಿಗೆ ಅತ್ತೆಯ ಕಣ್ಣಿನ ಆಪರೇಷನ್ ದುಡ್ಡೆಲ್ಲ ಖಾಲಿಯಾಗುತ್ತಿತ್ತು. ಬಾಗಿಲಿಲ್ಲದೆ ಕೂರಲು ಅವರು ಸುತರಾಂ ಒಪ್ಪಲಿಲ್ಲ. ಕೊನೆಗೆ ಹಳೇ ಸಾಮಾನಿನ ಅಂಗಡಿಯವರು ಒಂದು ಬಚ್ಚಲುಮನೆ ಬಾಗಿಲನ್ನು ಅಗ್ಗಕ್ಕೆ ಕೊಟ್ಟು, ಅಳತೆಗೆ ಕೊಯ್ದು ಕೂರಿಸಿಕೊಟ್ಟರು. ಒಳಗಡೆ ಚಿಲಕವೂ ಇದೆ.

ಆಸ್ಪತ್ರೆ ರಸ್ತೆಯಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ. ಅವನು ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, ಯಾಕೋ ಮೆಲ್ಲಗೆ ತಟ್ಟಿದ. ಅತ್ತೆ ಅಭ್ಯಾಸಬಲದಿಂದ, "ಒಳಗಿದ್ದೀನಿ, ತಡೀರಿ!" ಎಂದು ಕೂಗಿದರು.

"ಅಯ್ಯೋ, ಗೊತ್ತಾಗ್ಲಿಲ್ಲಮ್ಮ, ನಿಧಾನವಾಗಿ ಬನ್ನಿ" ಎಂದು ಅವನು ನಾಚಿಕೊಂಡು ಆಚೆ ತಿರುಗಿ ನಿಂತ. ನಾನು ಮೆತ್ತಗೆ ಗಾಡಿ ಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಇನ್ನೂ ಹಾಗೇ ನಿಂತಿದ್ದ.

ಆಪರೇಷನ್ ಚೆನ್ನಾಗಿ ಆಯಿತು, ದುಡ್ಡು ಕಳಿಸಬೇಡ. ನಿನ್ನೆ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಆ ಬಾಗಿಲನ್ನು ಮೊದಲ ಸಲ ಸರಿಯಾಗಿ ನೋಡಿದರು. ಬೈಗುಳ ಗ್ಯಾರಂಟಿ ಎಂದುಕೊಂಡೆ. ಅವರು ಅದನ್ನು ಸವರಿ ಸವರಿ, "ಎಂಥ ಗಟ್ಟಿ ಮರ ಕಣೇ! ಇದು ನಮ್ಮನೆ ಬಚ್ಚಲಿಗಿರಲಿ. ನಿಮ್ಮಣ್ಣ ಗಂಡಸು, ಬಾಗಿಲಿಲ್ಲದೆ ಓಡಾಡ್ತಾನೆ" ಅಂದರು.

ಅಣ್ಣಾ, ಬೇರೆ ಬಾಗಿಲು ಹುಡುಕಲು ಶುರುಮಾಡು. ಕಾರ್ಡ್ ತುಂಬಿತು.

ನಿನ್ನ ತಂಗಿ