ಎಡಗೈ ಚಾಕು

೧೧ ಫೆಬ್ರವರಿ ೨೦೦೪, ಬುಧವಾರ, ಬೆಳಗ್ಗೆ ೧೦

ಇವತ್ತು ಅರ್ಧ ಪುಟ. ನಿನ್ನೆ ನಾಲ್ಕೇ ಸಾಲು. ಎಡಗೈಯಲ್ಲಿ ದಿನಾ ಏನಾದರೂ ಬರೆಯಿರಿ, ಯಾರಿಗೂ ತೋರಿಸಬೇಕಾಗಿಲ್ಲ ಅಂದಿದ್ದಾರೆ ಮೈಸೂರಿನ ಫಿಸಿಯೋ ಮೇಡಂ. ತೋರಿಸುವ ಹಾಗೆ ಇದ್ದರೆ ತಾನೆ! ಅಕ್ಷರ ಒಂದನೇ ಕ್ಲಾಸಿನ ಮಗುವಿಗಿಂತ ಕಡೆ. ಬಲಗೈ ತೊಡೆಯ ಮೇಲೆ ಬಿದ್ದಿದೆ. ಲಕ್ವ ಹೊಡೆದು ಎರಡು ತಿಂಗಳಾಯಿತು. ದುಃಖ ಆಗಬೇಕಿತ್ತು. ಏನೂ ಆಗುತ್ತಿಲ್ಲ.

ಸ್ಕೂಲಿನಿಂದ ಕಾಗದ ಬಂದಿದೆ. ಜೂನ್ ಒಂದಕ್ಕೆ ಡ್ಯೂಟಿಗೆ ಬರಬೇಕು. ಬಂದು ಮಕ್ಕಳಿಗೆ ಕೆತ್ತಿ ತೋರಿಸಲು ಆಗಬೇಕು. ಆಗದಿದ್ದರೆ ಮೆಡಿಕಲ್ ಮೇಲೆ ನಿವೃತ್ತಿ. ಇಪ್ಪತ್ತಾರು ವರ್ಷದಿಂದ ಮರಗೆತ್ತನೆ ಮೇಷ್ಟ್ರು. ಬೇರೇನೂ ಬಾರದು ನನಗೆ. ಇರುವ ಒಂದು ಕೈಗೆ ಒಳ್ಳೆಯ ಚಾಕು ನೋಡಬೇಕು.

೧೪ ಫೆಬ್ರವರಿ

ಚಾಮರಾಜನಗರದ ಅಂಗಡಿ ಬೀದಿ ಪೂರ್ತಿ ಸುತ್ತಿದ್ದಾಯಿತು. ಗುರುಸಿದ್ದಮ್ಮ ಜೊತೆಗೆ ಬಂದಳು — ಗಂಡ ಬೀದಿಯಲ್ಲಿ ಬಿದ್ದರೆ ಎತ್ತಬೇಕಲ್ಲ. ಹಾರ್ಡ್‌ವೇರ್ ಅಂಗಡಿಯವನು ತರಕಾರಿ ಹೆಚ್ಚುವ ಸ್ಟೀಲ್ ಚಾಕು ತೆಗೆದು, ಹೆಂಗೆ ಹೊಳೆಯುತ್ತೆ ನೋಡಿ ಅಂದ. ಮುಖ ನೋಡಿಕೊಳ್ಳುವುದಕ್ಕೆ ಚಾಕು ಬೇಕೇನಯ್ಯ ಅಂದೆ.

ಕೆತ್ತನೆ ಚಾಕುವಿನ ಅಲಗು ಹೆಬ್ಬೆರಳುದ್ದ ಇದ್ದರೆ ಸಾಕು. ಒತ್ತಿದರೆ ಬಾಗಬಾರದು. ಕಬ್ಬಿಣ ಹಿಡಿಯೊಳಗೆ ಕೊನೆತನಕ ಹೋಗಿರಬೇಕು. ಹಿಡಿ ಅಂಗೈ ತುಂಬಬೇಕು. ಕ್ಲಾಸಿನಲ್ಲಿ ಹೇಳಿದ ಹಾಗೆ ಪೂರ್ತಿ ಹೇಳಿದೆ. ಅಷ್ಟರಲ್ಲಿ ಅವನು ಇನ್ನೊಬ್ಬ ಗಿರಾಕಿಗೆ ಮೊಳೆ ತೂಗುತ್ತಿದ್ದ.

೭ ಮಾರ್ಚ್

ಸೋಮಯ್ಯ ಬಂದಿದ್ದ. ಡ್ರಾಯಿಂಗ್ ಮೇಷ್ಟ್ರು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ. ಮೈಸೂರಿನಿಂದ ಒಂದು ಬಾಕ್ಸ್ ತಂದುಕೊಟ್ಟ. ಹನ್ನೆರಡು ಚಾಕು, ಕೆಂಪು ಹಿಡಿ, ಫಾರಿನ್ ಅಂತೆ. ಹಾಲೆ ಮರದ ತುಂಡಿನ ಮೇಲೆ ಒತ್ತಿದೆ. ಮೊದಲನೆಯದರ ಮೊನೆ ಮುರಿಯಿತು. ಎರಡನೆಯದರ ಬಾಯಿ ಮಡಚಿಕೊಂಡಿತು. ಮೂರನೆಯದನ್ನು ಮುಟ್ಟಲಿಲ್ಲ. ಪಾಪ, ಪ್ರೀತಿಯಿಂದ ತಂದವನು. ಚೆನ್ನಾಗಿದೆ ಕಣಯ್ಯ ಅಂದೆ.

ಊಟಕ್ಕೆ ಉಳಿಸಿಕೊಂಡೆವು. ನಾನು ಗೋಡೆಗೆ ಮುಖ ಮಾಡಿ ಕೂತೆ. ಎಡಗೈಯಲ್ಲಿ ಅನ್ನ ಎತ್ತುವುದನ್ನು ಯಾರೂ ನೋಡಬಾರದು. ಸೋಮಯ್ಯ ಸ್ಕೂಲಿನ ಸುದ್ದಿಯನ್ನೆಲ್ಲ ನನ್ನ ಬೆನ್ನಿಗೆ ಹೇಳಿದ.

೨೨ ಮಾರ್ಚ್, ಸಂಜೆ ೫

ಸ್ಕೂಲಿನಲ್ಲಿದ್ದ ನನ್ನ ಹಳೆಯ ಚಾಕುವನ್ನೇ ತರಿಸಿಕೊಂಡು ಒಂದು ವಾರವಾಯಿತು. ಇಪ್ಪತ್ತು ವರ್ಷ ಬಲಗೈಯಲ್ಲಿ ನೀರು ಕುಡಿದ ಹಾಗೆ ಓಡಿದ್ದು. ಎಡಗೈಯಲ್ಲಿ ಗೆರೆ ಹಿಡಿದು ಹೋಗುವುದೇ ಇಲ್ಲ. ಮರವನ್ನು ಕಚ್ಚಿಕೊಂಡು ಒಳಕ್ಕೆ ಇಳಿಯುತ್ತದೆ. ಗುಳಿ. ಮತ್ತೆ ಗುಳಿ. ಸೊಟ್ಟ ಕೈ ಅಂತ ಬೈದುಕೊಂಡೆ.

ಕ್ಲಾಸಿನಲ್ಲೂ ಇದನ್ನೇ ಅನ್ನುತ್ತಿದ್ದೆ. ಎಡಗೈಯಲ್ಲಿ ಚಾಕು ಹಿಡಿದ ಮಕ್ಕಳಿಗೆ ರೂಲುದೊಣ್ಣೆಯಿಂದ ಗೆಣ್ಣಿನ ಮೇಲೆ ಒಂದು. ಬಲಗೈಗೆ ಬದಲಾಯಿಸುವ ತನಕ. ಎಡಗೈಯಲ್ಲಿ ಆಯುಧ ಹಿಡಿದರೆ ಕೆಲಸ ಕೆಡುತ್ತದೆ ಅಂತ ನನ್ನ ಮೇಷ್ಟ್ರು ಹೇಳಿದ್ದರು, ನಾನೂ ಹೇಳಿದೆ. ಕೆಡುವುದು ಕಣ್ಣಿಗೆ ಕಾಣುತ್ತಿತ್ತಲ್ಲ. ಅವರ ಹಲಗೆಯಲ್ಲೂ ಇವೇ ಗುಳಿಗಳು.

ಪಳಗುತ್ತೆ ಬುಡಿ ಅಂದಳು ಗುರುಸಿದ್ದಮ್ಮ.

೧೫ ಏಪ್ರಿಲ್, ಗುರುವಾರ

ಗುಂಡ್ಲುಪೇಟೆಗೆ ಹೋಗಿದ್ದೆ. ಹಂಗಳದ ರಸ್ತೆಯಲ್ಲಿ ಒಬ್ಬ ಕುಲುಮೆ ಇಟ್ಟಿದ್ದಾನೆ, ಲಾರಿ ಸ್ಪ್ರಿಂಗಿನ ಪಟ್ಟಿಯಿಂದ ಚಾಕು ಮಾಡುತ್ತಾನೆ, ಹದ ಚೆನ್ನಾಗಿ ಹಾಕುತ್ತಾನೆ ಅಂತ ಸೋಮಯ್ಯ ಯಾರಿಂದಲೋ ತಿಳಿದು ಹೇಳಿದ್ದ. ಹೋದರೆ — ಶಿವಮಲ್ಲು! ೧೯೮೦ರ ಸುಮಾರು ನಾನು ಗುಂಡ್ಲುಪೇಟೆ ಸ್ಕೂಲಿನಲ್ಲಿದ್ದಾಗ ಎಂಟನೇ ಕ್ಲಾಸಿನಲ್ಲಿದ್ದವನು. ಎಡಚ. ವರ್ಷದ ಮಧ್ಯದಲ್ಲೇ ಸ್ಕೂಲು ಬಿಟ್ಟಿದ್ದ. ಈಗ ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ.

ಸುತ್ತಿಗೆ ಎಡಗೈಯಲ್ಲಿತ್ತು. ನನ್ನನ್ನು ಕಂಡವನೇ ಬಲಗೈಗೆ ಬದಲಾಯಿಸಿಕೊಂಡ. ಆಮೇಲೆ ಅವನಿಗೇ ಏನನ್ನಿಸಿತೋ, ಕೆಳಗಿಟ್ಟ.

ಸ್ಟೂಲು ಒರೆಸಿ ಕೂರಿಸಿದ. ಟೀ ತರಿಸಿದ. ನನ್ನ ಬಲಗೈ ನೋಡಿದ. ಹಳೆಯ ಚಾಕು ಕೊಟ್ಟು, ಇಂಥದೇ ಒಂದು ಮಾಡಿಕೊಡು, ಆದರೆ ಮರ ಕಚ್ಚಬಾರದು ಅಂದೆ. ಅಲಗನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಯಾವ್ ಕೈಗೆ ಸಾ?"

ಎಡಗೈ ಎತ್ತಿ ತೋರಿಸಿದೆ.

"ಇದು ಬಲಗೈಗೆ ಸಾಣೆ ಇಡ್ದಿರದು. ಇಳಿಜಾರು ಒಂದೇ ಕಡ ಅದ, ಈ ಕಡ ಚಪ್ಪಟೆ. ಎಡಗೈಲಿ ಇಡುದ್ರ ಮರದೊಳಕ್ಕೇ ಓಯ್ತದ. ಕೈ ಏನ್ ಮಾಡದು ಸಾ?"

ಚುಚ್ಚಿ ಹೇಳಲಿಲ್ಲ. ಗಿರಾಕಿಗೆ ಹೇಳುವ ಹಾಗೆ ಹೇಳಿದ. ದಾರ ತಂದು ನನ್ನ ಎಡ ಅಂಗೈ ಅಳೆದುಕೊಂಡ.

ಸ್ಕೂಲಿನ ಚಾಕುಗಳಿಗೆ ಸಾಣೆ ಹಿಡಿದವನು ನಾನೇ. ಇಪ್ಪತ್ತಾರು ವರ್ಷ. ಎಲ್ಲವೂ ಬಲಗೈಗೇ.

೧೬ ಏಪ್ರಿಲ್

ದಿನಾ ಬರೆಯಿರಿ ಅಂದಿದ್ದಾರೆ. ಬರೆದೆ.

೬ ಮೇ

ಚಾಕು ಸಿದ್ಧವಾಗಿತ್ತು. ಹುಣಸೆ ಮರದ ಹಿಡಿ, ನನ್ನ ಅಂಗೈಗೆ ಸರಿಯಾಗಿ. ಅಲಗು ಬಾಗುವುದಿಲ್ಲ. ಇಳಿಜಾರು ಈ ಸಲ ಆಚೆ ಕಡೆಗೆ. ಕುಲುಮೆಯಲ್ಲೇ ಒಂದು ಮರದ ತುಂಡು ಕೊಟ್ಟ, ನೋಡಿ ಸಾ ಅಂತ. ಗೆರೆ ಹಿಡಿದು ಹೋಯಿತು. ಕಚ್ಚಲಿಲ್ಲ, ಜಾರಲಿಲ್ಲ. ಇಷ್ಟು ಒಳ್ಳೆಯ ಚಾಕು ನನ್ನ ಜನ್ಮದಲ್ಲಿ ಹಿಡಿದಿರಲಿಲ್ಲ. ಸಂತೋಷ ಆಗುತ್ತದೇನೋ ಅಂತ ಕಾದೆ.

ನೀನೂ ಕೆತ್ತುತ್ತೀಯೇನೋ ಅಂದೆ. ಇಲ್ಲ, ಮಾಡಿಕೊಡುವುದಷ್ಟೇ ಅಂದ. ಸುಮ್ಮನಿರಬಹುದಿತ್ತು. ಸ್ಕೂಲು ಯಾಕೆ ಬಿಟ್ಟೆ ಅಂತ ಕೇಳಿದೆ.

ತಲೆಯೆತ್ತಲಿಲ್ಲ. ಸಾಣೆಕಲ್ಲಿಗೆ ನೀರು ಚಿಮುಕಿಸುತ್ತಿದ್ದ.

"ನಿಮ್ ಪಿರಿಯಡ್ಡು ಬುಧವಾರ ಇರದು ಸಾ. ಮಂಗಳವಾರನೇ ಜ್ವರ ಬಂದ್ಬುಡದು ನಂಗ. ಕೆತ್ತದು ಅಂದ್ರ ಬೋ ಆಸ ಇತ್ತು. ಬಲಗೈಲಿ ಆಯ್ತಿರ್ನಿಲ್ಲ, ಅದ್ಕೇ ಬುಟ್ಬುಟ್ಟೆ."

ತಪ್ಪಾಯಿತು ಅನ್ನಬೇಕಿತ್ತು. ಬಾಯಿತನಕ ಬಂತು, ಆಚೆ ಬರಲಿಲ್ಲ. ಲಕ್ವ ಹೊಡೆದದ್ದು ಕೈಗೆ, ಬಾಯಿಗಲ್ಲ. ಅವನು ಬಸ್ ಸ್ಟ್ಯಾಂಡ್ ತನಕ ಬಂದು ಸೀಟು ಹಿಡಿದುಕೊಟ್ಟ. ಹುಷಾರು ಸಾ ಅಂದ.

೯ ಮೇ

ಐದು ಎಸಳಿನ ಕಮಲ ಕೆತ್ತಿದೆ. ಒಂದು ಗೆರೆಯೂ ತಪ್ಪಲಿಲ್ಲ. ಗುರುಸಿದ್ದಮ್ಮ ಅದನ್ನು ಕೈಯಲ್ಲಿ ಹಿಡಿದು, ಕೆಲಸ ಉಳೀತಲ್ಲ ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳಿಗೆ ಅಳು ಬರುವುದನ್ನು ನೋಡಿ ಹೊಟ್ಟೆಕಿಚ್ಚಾಯಿತು.

೩೧ ಮೇ, ಸೋಮವಾರ, ಬೆಳಗ್ಗೆ ೬

ನಾಳೆ ಡ್ಯೂಟಿ. ಶಿವಮಲ್ಲುವಿಗೆ ಕಾಗದ ಬರೆದು ಮಕ್ಕಳ ಅಳತೆಯ ಎಡಗೈ ಚಾಕು ಆರು ಬೇಕು ಅಂದಿದ್ದೆ. ಕಾಗದದಲ್ಲೂ ಅಷ್ಟೇ ಬರೆದೆ, ಬೇರೇನೂ ಬರೆಯಲಾಗಲಿಲ್ಲ. ನಿನ್ನೆ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದಾನೆ. ಪೇಪರಿನಲ್ಲಿ ಸುತ್ತಿ ಆರೂ ಬ್ಯಾಗಿನಲ್ಲಿಟ್ಟೆ.

ಆರು ಸಾಕಾಗುತ್ತದೆಯೋ ಇಲ್ಲವೋ. ಒಂದು ಕ್ಲಾಸಿಗೆ ಎಷ್ಟು ಎಡಚರು ಬೀಳುತ್ತಾರೆ? ಹಿಂದೆ ಇದ್ದವರ ಹೆಸರು ಬರೆದುಕೊಂಡು ಹೋದರೆ ಗೊತ್ತಾಗುತ್ತದೆ.

ಶಿವಮಲ್ಲು.

ರಾಚಯ್ಯ, ನಂಜಯ್ಯನ ಮಗ. ಹೊಡೆದರೆ ನಗುತ್ತಿದ್ದ. ನಗುತ್ತೀಯಾ ಅಂತ ಇನ್ನೊಂದು ಕೊಡುತ್ತಿದ್ದೆ.

ಶಶಿಕುಮಾರ.

ಹಂಗಳದ ಮರಿಯಯ್ಯ.

ತೆರಕಣಾಂಬಿಯಿಂದ ಬರುತ್ತಿದ್ದ ಹುಡುಗಿ. ಹೆಸರು ನೆನಪಾಗುತ್ತಿಲ್ಲ. ಕೈ ನೆನಪಿದೆ. ಸಣ್ಣ ಕೈ, ಹಸಿರು ಗಾಜಿನ ಬಳೆ. ದೊಣ್ಣೆ ಎತ್ತಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಬಳೆ ಒಡೆಯಬಾರದು ಅಂತ ಮೊದಲು ಅದನ್ನು ಮೊಣಕೈ ಕಡೆಗೆ ಸರಿಸಿಕೊಂಡು, ಆಮೇಲೆ ಕೈಯನ್ನು ತಾನೇ ಮುಂದೆ ಚಾಚುತ್ತಿದ್ದಳು. ಶಾಯಿ ಒದ್ದೆಯಾಗಿ ಹರಡುತ್ತಿದೆ, ಅಕ್ಷರ ಕಾಣುತ್ತಿಲ್ಲ.